ರಘು ಕೇಳಿದ್ದಕ್ಕೆ: ಆಂಪ್ ಬೋರ್ಡು, ಗುಂಯ್ ಸದ್ದು, ಬಡಗಿ ಕೆಲಸ

ರಘು, ನಿನ್ನ ಮೆಸೇಜ್ ಕೇಳ್ದೆ. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಗ್ರೂಪಲ್ಲಿರೋ ಉಳಿದವರಿಗೆ ಬೇಜಾರಾದ್ರೆ ಮುಂದಕ್ಕೆ ಹೋಗ್ಬಿಡಿ. ನೀನು ಕೇಳಿರೋದು ಮೂರು. ಟಿಪಿಎ 3116 ಚಿಪ್ಪಿನ ಆಂಪ್ ಬೋರ್ಡಿಗೆ (ಸೌಂಡ್ ದೊಡ್ಡದು ಮಾಡೋ ಆಂಪ್ಲಿಫೈಯರ್) ಹಳೆ ಮ್ಯೂಸಿಕ್ ಸಿಸ್ಟಮ್ಮಿನ ಎರಡು ಸ್ಪೀಕರ್ ಹಾಕಿದೀಯ, ಸೌಂಡ್ ಜಾಸ್ತಿ ಮಾಡಿದ್ರೆ ಟಪ್ ಟಪ್ ಅಂತ ಕಟ್ ಆಗತ್ತೆ. ಕಂಪ್ಯೂಟರಿಗೆ ಸಿಕ್ಕಿಸಿದ್ರೆ ದೂರದಲ್ಲಿ ಪಂಪ್‌ಸೆಟ್ ಓಡ್ತಿರೋ ಹಾಗೆ ಗುಂಯ್ ಅನ್ನತ್ತೆ. ಮುಂದಿನ ವಾರ ಅಡುಗೆಮನೆ ಕೆಲಸಕ್ಕೆ ಬಡಗಿ ಬರ್ತಾರೆ, ಅವರ ಕೈಲೇ ಹೊಸ ಸ್ಪೀಕರ್ ಬಾಕ್ಸ್ ಮಾಡಿಸ್ಲಾ ಅಂತ. ಮೊದಲೇ ಹೇಳ್ಬಿಡ್ತೀನಿ, ಬೋರ್ಡ್ ಕೆಟ್ಟಿರೋ ಲಕ್ಷಣ ಇಲ್ಲ. ಅಂಗಡಿಯವರು ಇನ್ನೂ ದೊಡ್ಡ ಬೋರ್ಡ್ ತಗೋ ಅಂದ್ರು ಅಂದ್ಯಲ್ಲ, ತಗೋಬೇಡ. ದೊಡ್ಡದು ಹಾಕಿದ್ರೆ ಇದೇ ಅಡಾಪ್ಟರ್ ಇನ್ನೂ ಬೇಗ ಕೈ ಕೊಡತ್ತೆ.

ಟಪ್ ಟಪ್ ವಿಷಯ ನೋಡೋಣ. ನಿನ್ನ ಅಡಾಪ್ಟರ್ 12 ವೋಲ್ಟ್, 2 ಆಂಪ್ (ಸಂಖ್ಯೆ ಜೊತೆ ಆಂಪ್ ಅಂದ್ರೆ ಕರೆಂಟಿನ ಅಳತೆ, ಆಂಪಿಯರ್). ಅಂದ್ರೆ ಒಟ್ಟು 24 ವ್ಯಾಟ್. ಸ್ಪೀಕರ್ ಹಿಂದೆ 6 ಓಮ್ಸ್ ಅಂತಿದೆ, ಅದು ಸ್ಪೀಕರಿನ ಪ್ರತಿರೋಧ. 12 ವೋಲ್ಟಲ್ಲಿ ಈ ಚಿಪ್ಪು 6 ಓಮ್ಸಿಗೆ ಚಾನೆಲ್ಲಿಗೆ, ಅಂದ್ರೆ ಒಂದೊಂದು ಸ್ಪೀಕರಿಗೆ, 10-11 ವ್ಯಾಟ್ ಕೊಡತ್ತೆ. ಎರಡೂ ಸೇರಿದ್ರೆ 24ರ ಒಳಗೇ ಇದ್ಯಲ್ಲ ಅಂತೀಯ. ಅದು ಸರಾಸರಿ ಲೆಕ್ಕ ಕಣೋ. ಡೊಳ್ಳೋ ಡ್ರಮ್ಮೋ ಬಿದ್ದ ಕ್ಷಣಕ್ಕೆ ಎಳೆತ ಅದರ ಎರಡರಷ್ಟಿರತ್ತೆ. ಎರಡು ಚಾನೆಲ್ಲೂ ಒಟ್ಟಿಗೆ ಎಳೆದ್ರೆ 4 ಆಂಪ್ ಹತ್ತಿರ ಬೇಕು. 2 ಆಂಪಿನ ಅಡಾಪ್ಟರ್ ಸುಟ್ಟುಹೋಗದ ಹಾಗೆ ತಾನೇ ವೋಲ್ಟೇಜ್ ಇಳಿಸ್ಬಿಡತ್ತೆ, ಚಿಪ್ಪಿಗೆ ವೋಲ್ಟೇಜ್ ಸಾಲದೆ ಆಫ್ ಆಗತ್ತೆ. ಲೋಡ್ ಹೋದ ತಕ್ಷಣ ಅಡಾಪ್ಟರ್ ಮತ್ತೆ ಚೇತರಿಸ್ಕೊಳ್ಳತ್ತೆ, ಚಿಪ್ಪು ಮತ್ತೆ ಆನ್. ನಿಂಗೆ ಟಪ್ ಟಪ್ ಅಂತ ಕೇಳ್ತಿರೋದು ಇದೇ.

ಮನೇಲಿ ಹಾಳಾದ ಲ್ಯಾಪ್‌ಟಾಪಿನ ಅಡಾಪ್ಟರ್ ಬಿದ್ದಿದ್ರೆ ಹುಡುಕು. 19 ವೋಲ್ಟ್ 4.74 ಆಂಪ್, 90 ವ್ಯಾಟಿಂದು ಸಿಕ್ಕಿದ್ರೆ ತುಂಬಾ ಒಳ್ಳೇದು, 3.42 ಆಂಪಿಂದಾದ್ರೂ ನಡೆಯತ್ತೆ. ಪವರ್ ಲೆಕ್ಕ ಸುಲಭ. ವೋಲ್ಟೇಜನ್ನ ಅದರಿಂದಲೇ ಗುಣಿಸು, ಸ್ಪೀಕರ್ ಓಮ್ಸಿನ ಎರಡರಷ್ಟರಿಂದ ಭಾಗಿಸು. 19 ಹತ್ತೊಂಬತ್ಲಿ 361, ಅದನ್ನ 12ರಿಂದ ಭಾಗಿಸಿದ್ರೆ 30. ಚಿಪ್ಪಲ್ಲಿ ಕಳೆದು ಹೋಗೋದು ಬಿಟ್ರೂ 25ರ ಮೇಲೆ ಸಿಗತ್ತೆ. ಆ ಸ್ಪೀಕರಿಗೆ ಅಷ್ಟು ಧಾರಾಳ ಆಯ್ತು. ಡಬ್ಬಿ ಮೇಲೆ 50+50 ವ್ಯಾಟ್ ಅಂತ ಹಾಕಿರ್ತಾರಲ್ಲ, ಅದು ಚಿಪ್ಪು ಮಾಡೋ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಡೇಟಾಶೀಟಲ್ಲಿರೋ (ವಿವರದ ಹಾಳೆ) ಅಂಕಿನೇ. ಆದ್ರೆ 21 ವೋಲ್ಟ್ ಕೊಟ್ಟು, 4 ಓಮ್ಸ್ ಹಾಕಿ, ಸದ್ದು ಒಡೆದು ಶೇಕಡಾ 10 ಡಿಸ್ಟಾರ್ಷನ್ ಬರೋವರೆಗೂ ಎಳೆದಾಗ ಸಿಗೋದು. ಹಾಗೆ ಯಾರೂ ಹಾಡು ಕೇಳಲ್ಲ.

24 ವೋಲ್ಟ್ ಎಸ್‌ಎಂಪಿಎಸ್ (ಅಡಾಪ್ಟರ್ ಥರದ್ದೇ ಪವರ್ ಸಪ್ಲೈ) ಹಾಕ್ಬೇಡ ಅನ್ನಲ್ಲ, ಆದ್ರೆ ಎರಡು ವಿಷಯ ನೋಡ್ಕೋ. ಚಿಪ್ಪಿನ ಕೆಲಸದ ಮಿತಿ 26 ವೋಲ್ಟ್. ಜಾಲರಿ ಡಬ್ಬಿ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ತಿರುಗಿಸೋ ಪುಟ್ಟ ಸ್ಕ್ರೂ ಇರತ್ತೆ, ಅದು ಅಂಗಡಿಯಿಂದ್ಲೇ 26, 27ಕ್ಕೆ ತಿರುಗಿರ್ಬಹುದು. ಬೋರ್ಡಿಗೆ ಕೊಡೋಕೆ ಮುಂಚೆ ಮೀಟರ್ ಇಟ್ಟು ನೋಡ್ಬೇಕು. ಇನ್ನೊಂದು, ಬೋರ್ಡ್ ಮೇಲಿರೋ ದೊಡ್ಡ ಕೆಪಾಸಿಟರ್ ಮೇಲೆ 25ವಿ ಅಂತ ಬರ್ದಿದ್ರೆ 24 ವೋಲ್ಟ್ ಕೊಡಲೇಬೇಡ. ಉಬ್ಬತ್ತೆ, ಒಂದಿನ ಸಿಡಿಯತ್ತೆ. 35ವಿ ಇದ್ರೆ ಸರಿ. 19 ವೋಲ್ಟಿಗೆ ಈ ತಲೆನೋವೇ ಇಲ್ಲ.

ಲ್ಯಾಪ್‌ಟಾಪ್ ಅಡಾಪ್ಟರಿನ ಪಿನ್ ಕತ್ತರಿಸುವಾಗ ಹುಷಾರು. ಡೆಲ್, ಎಚ್‌ಪಿ ದಪ್ಪ ಪಿನ್ನಲ್ಲಿ ನಡುವೆ ಸಣ್ಣ ಸೂಜಿ ಇರತ್ತೆ, ಅದು ಪವರ್ ಅಲ್ಲ, ಲ್ಯಾಪ್‌ಟಾಪ್ ಅಡಾಪ್ಟರನ್ನ ಗುರುತಿಸೋಕೆ ಇರೋ ಸಿಗ್ನಲ್. ಒಳಗೆ ಅದರ ತೆಳು ವೈರ್ ಬೇರೆ ಬರತ್ತೆ, ಅದನ್ನ ಟೇಪ್ ಸುತ್ತಿ ಹಾಗೇ ಬಿಡು. ಉಳಿದ ಎರಡರಲ್ಲಿ ಪ್ಲಸ್ ಯಾವುದು ಅಂತ ಮೀಟರಲ್ಲಿ ನೋಡಿ ಖಾತ್ರಿ ಮಾಡ್ಕೋ, ವೈರ್ ಬಣ್ಣ ನಂಬ್ಬೇಡ. ಈ ಬೋರ್ಡುಗಳಲ್ಲಿ ಸುಮಾರಕ್ಕೆ ಉಲ್ಟಾ ಕೊಟ್ರೆ ತಡೆಯೋ ಡಯೋಡ್ ಇರಲ್ಲ, ಒಂದೇ ಸಲಕ್ಕೆ ಚಿಪ್ಪು ಹೋಗತ್ತೆ. ಡಿಸಿ ಜ್ಯಾಕ್ ಬಿಟ್ಟು ಸ್ಕ್ರೂ ಟರ್ಮಿನಲ್ ಇದ್ರೆ ಅದಕ್ಕೇ ಕೊಡು. 2.1 ಮಿ.ಮೀ. ಜ್ಯಾಕಿಗೆ 2.5ರ ಪಿನ್ ಹಾಕಿ ಲೂಸ್ ಕಾಂಟ್ಯಾಕ್ಟ್ ಆಗೋದೂ ಇದೇ ಟಪ್ ಟಪ್ ಕೊಡತ್ತೆ.

ಈಗ ಗುಂಯ್. ಇದಕ್ಕೇ ಜನ ಸುಮ್ಮನೆ ದುಡ್ಡು ಸುರಿಯೋದು, ಆದ್ರೆ ಒಂದು ರೂಪಾಯಿ ಖರ್ಚಿಲ್ಲದೆ ಎಲ್ಲಿಂದ ಬರ್ತಿದೆ ಅಂತ ಕಂಡುಹಿಡೀಬಹುದು. ಬೋರ್ಡಿನ ಇನ್‌ಪುಟ್ ವೈರ್ ಪೂರ್ತಿ ಕಿತ್ತು ವಾಲ್ಯೂಮ್ ಅರ್ಧಕ್ಕಿಟ್ಟು ಕೇಳು. ಸದ್ದಿಲ್ಲ ಅಂದ್ರೆ ಬೋರ್ಡು, ಅಡಾಪ್ಟರ್ ಎರಡೂ ಸರಿ ಇವೆ. ಆಮೇಲೆ ಚಾರ್ಜರ್ ಹಾಕಿರದ ಫೋನ್ ಸಿಕ್ಕಿಸು. ಅದರಲ್ಲೂ ಸದ್ದಿಲ್ಲ, ಕಂಪ್ಯೂಟರಿಗೆ ಹಾಕಿದ್ರೆ ಮಾತ್ರ ಬರ್ತಿದೆ ಅಂದ್ರೆ ಅದು ಅರ್ಥ್ ಲೂಪ್. ಬರೀ ವೈರ್ ಮುಟ್ಟಿದಾಗ ಗುಂಯ್ ಅಂದ್ರೆ ಇನ್‌ಪುಟ್ ವೈರಿನೊಳಗೆ ಸುತ್ತ ಹೆಣೆದಿರೋ ಲೋಹದ ಜಾಲರಿ ಎಲ್ಲೋ ಬಿಟ್ಟಿದೆ. ವಾಲ್ಯೂಮಿನ ಗುಂಡಿ ಮುಟ್ಟಿದಾಗ ಮಾತ್ರ ಅಂದ್ರೆ ಪಾಟ್‌ನ (ಗುಂಡಿ ಕೂತಿರೋ ಭಾಗ) ಲೋಹದ ಮೈಗೆ ಗ್ರೌಂಡ್, ಅಂದ್ರೆ ಬೋರ್ಡಿನ ಮೈನಸ್ ಕಡೆ, ಸೇರಿಲ್ಲ, ಒಂದು ಚಿಕ್ಕ ವೈರ್ ಬೆಸುಗೆ ಹಾಕಿ ಗ್ರೌಂಡಿಗೆ ಕೊಟ್ರೆ ಮುಗೀತು.

ಲೂಪ್ ಆಗೋದು ಹೇಗೆ ಅಂದ್ರೆ, ಕಂಪ್ಯೂಟರ್ ಮೂರು ಪಿನ್ನಿನ ಪ್ಲಗ್‌ನಿಂದ ಅರ್ಥ್ ಆಗಿದೆ. ಆಂಪಿನ ಅಡಾಪ್ಟರೂ ಮೂರು ಪಿನ್ನಿಂದಾದ್ರೆ ಅದರ ಮೈನಸ್ಸೂ ಸಾಮಾನ್ಯವಾಗಿ ಅರ್ಥಿಗೆ ಸೇರಿರತ್ತೆ. ಇವೆರಡರ ನಡುವೆ ನೀನು ಆಡಿಯೋ ವೈರ್ ಹಾಕಿದ್ರೆ ಅದರ ಜಾಲರಿ ಮೂಲಕ ಒಂದು ಸುತ್ತು ಪೂರ್ತಿ ಆಯ್ತು. ಎರಡು ಸಾಕೆಟ್ಟಿನ ಅರ್ಥ್ ನಡುವೆ ಇರೋ ಮಿಲಿವೋಲ್ಟ್ ವ್ಯತ್ಯಾಸ ಸಿಗ್ನಲ್ ಜೊತೆ ಸೇರತ್ತೆ, ಆಂಪ್ ಅದನ್ನೂ ದೊಡ್ಡದು ಮಾಡತ್ತೆ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಅದೇ ಸ್ವರ ಕೇಳ್ಸೋದು.

ಮೊದಲು ಕಂಪ್ಯೂಟರ್, ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡು, ಎಷ್ಟೋ ಸಲ ಇಷ್ಟಕ್ಕೇ ಕಡಿಮೆ ಆಗತ್ತೆ. ಆಗ್ಲಿಲ್ಲ ಅಂದ್ರೆ ಆಂಪಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕು, ಮೇಲೆ ಚೌಕದೊಳಗೆ ಚೌಕದ ಗುರುತು ಇರೋದು. ಅದಕ್ಕೆ ಒಳಗೇ ಎರಡು ಪದರ ಇನ್ಸುಲೇಷನ್ ಇರೋದ್ರಿಂದ ಅರ್ಥ್ ಬೇಕಿಲ್ಲ, ಲೂಪ್ ಕಡಿದುಹೋಗತ್ತೆ. ಅದೂ ಬೇಡ ಅಂದ್ರೆ ಗ್ರೌಂಡ್ ಲೂಪ್ (ಅರ್ಥ್ ಲೂಪಿಗೇ ಇನ್ನೊಂದು ಹೆಸರು) ಐಸೊಲೇಟರ್ ಅಂತ 3.5 ಮಿ.ಮೀ. ಜ್ಯಾಕ್ ಇರೋ ಪುಟ್ಟ ಡಬ್ಬಿ ಸಿಗತ್ತೆ, ಒಳಗೆ ಎರಡು ಟ್ರಾನ್ಸ್‌ಫಾರ್ಮರ್ ಇರತ್ತೆ. ಅಗ್ಗದ್ದರಲ್ಲಿ ಬಾಸ್ ಸ್ವಲ್ಪ ಸೊರಗತ್ತೆ, ಅದಕ್ಕೇ ಅದು ಕೊನೇ ಉಪಾಯ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಹಾಕೋದು ಮಾತ್ರ ಯಾವ ಕಾರಣಕ್ಕೂ ಬೇಡ. ಗುಂಯ್ ಹೋಗತ್ತೆ, ಒಳಗೆ ಇನ್ಸುಲೇಷನ್ ಕೆಟ್ಟ ದಿನ ಆಂಪಿನ ಡಬ್ಬಿ ಮುಟ್ಟಿದವರಿಗೆ 230 ವೋಲ್ಟ್ ಹೊಡೆಯತ್ತೆ.

ಅಂದ ಹಾಗೆ, ಕಂಪ್ಯೂಟರಿನ ತಗಡಿನ ಮೈ ಮುಟ್ಟಿದ್ರೆ ಸಣ್ಣಗೆ ಜುಮ್ಮನ್ನತ್ತಾ ನೋಡು. ಅಂದ್ರೆ ಆ ಸಾಕೆಟ್ಟಿಗೆ ಅರ್ಥೇ ಬಂದಿಲ್ಲ ಅಂತ ಅರ್ಥ. ಹಳೆ ಮನೆಗಳಲ್ಲಿ ಮೂರು ತೂತು ಇರತ್ತೆ, ಹಿಂದೆ ವೈರ್ ಇರಲ್ಲ. ಅತ್ತಿಗೆ, ಹಾಗಿದ್ರೆ ಎಲೆಕ್ಟ್ರಿಷಿಯನ್ ಕರೆಸಿ ಫೇಸ್‌ಗೂ ಅರ್ಥಿಗೂ ಮಧ್ಯೆ ಅಳೆಸಿ, 230ರ ಆಸುಪಾಸು ಬರ್ಬೇಕು. ಇದು ಹಾಡಿನ ವಿಷಯ ಅಲ್ಲ, ನಿಮ್ಮ ಗೀಸರ್, ವಾಷಿಂಗ್ ಮಷೀನಿಗೂ ಬೇಕಾದ್ದು.

ರಘು, ಬ್ಲೂಟೂತ್ ಮಾಡ್ಯೂಲ್ ಸೇರಿಸ್ತೀನಿ ಅಂದಿದ್ದೆ. ಅದಕ್ಕೂ ಆಂಪಿಗೂ ಒಂದೇ ಅಡಾಪ್ಟರಿಂದ ಕರೆಂಟ್ ಕೊಟ್ರೆ ಕೀಂ ಅಂತ, ಮಧ್ಯೆ ಚಿರ್ ಚಿರ್ ಅಂತ ಬರೋದು ಸಾಮಾನ್ಯ. ಇದೂ ಗ್ರೌಂಡ್ ಲೂಪೇ, ಬೋರ್ಡಿನೊಳಗಿಂದು ಅಷ್ಟೆ. ಬಿ0505ಎಸ್ ಅಂತ ಒಂದು ವ್ಯಾಟಿನ ಪುಟ್ಟ ಐಸೊಲೇಟೆಡ್ ಕನ್ವರ್ಟರ್ ಇದೆ, 5 ವೋಲ್ಟ್ ತಗೊಂಡು ಬೇರೆ ಗ್ರೌಂಡಿನ 5 ವೋಲ್ಟ್ ಕೊಡತ್ತೆ, 200 ಮಿಲಿಆಂಪ್ ವರೆಗೆ. ಅದನ್ನ ಮಾಡ್ಯೂಲಿಗೆ ಮುಂಚೆ ಹಾಕು. ಬೆಂಗಳೂರಿಂದ ಯಾರಾದ್ರೂ ಬರೋರಿದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌.ಪಿ. ರೋಡಿಂದ ತರಿಸ್ಕೋ. ಜೊತೆಗೆ ವಾಲ್ಯೂಮಿಗೆ 50ಕೆ ಡ್ಯುಯಲ್ ಪಾಟ್ ಹೇಳು, ಎ50ಕೆ ಅಂತ ಬರ್ದಿರ್ಬೇಕು. ಎ ಅಂದ್ರೆ ಕಿವಿಗೆ ಹೊಂದೋ ಹಾಗೆ ಏರೋದು, ಬಿ ಅಂದ್ರೆ ಲೀನಿಯರ್, ಸಮವಾಗಿ ಏರೋದು, ಸ್ವಲ್ಪ ತಿರುಗಿಸೋದ್ರೊಳಗೆ ಕಿರುಚತ್ತೆ, ಆಮೇಲೆ ಎಷ್ಟು ತಿರುಗಿಸಿದ್ರೂ ಅಷ್ಟೇ.

ಒಂದು ಮಾತು ನೆನಪಿಟ್ಕೋ. ಈ ಚಿಪ್ಪಲ್ಲಿ ಸ್ಪೀಕರಿನ ಮೈನಸ್ಸು ಗ್ರೌಂಡ್ ಅಲ್ಲ. ಎರಡು ತುದೀಲೂ ಸಪ್ಲೈಯ ಅರ್ಧ ವೋಲ್ಟೇಜ್ ನಿಂತಿರತ್ತೆ. ಎಡ-ಬಲ ಸ್ಪೀಕರಿನ ಮೈನಸ್ ಒಂದೇ ವೈರಲ್ಲಿ ಸೇರಿಸೋದು, ಡಬ್ಬಿಗೆ ತಾಗಿಸೋದು, ಅಲ್ಲಿಂದ ಹೆಡ್‌ಫೋನ್ ಸಾಕೆಟ್ ಎಳೆಯೋದು ಯಾವುದೂ ಮಾಡ್ಬೇಡ. ನಾಲ್ಕು ವೈರ್ ಬೇರೆ ಬೇರೆ ಹೋಗ್ಲಿ. ವೈರು 1 ಚದರ ಮಿ.ಮೀ. ತಾಮ್ರದ್ದು ಸಾಕು. ಐದು ಮೀಟರ್ ದೂರಕ್ಕೆ ಹೋಗಿ ಬರೋ ದಾರಿ ಸೇರಿ 0.17 ಓಮ್ಸ್ ಆಗತ್ತೆ, 6 ಓಮ್ಸಿನ ಮುಂದೆ ಅದು ಲೆಕ್ಕಕ್ಕಿಲ್ಲ. ಬೆಲೆಬಾಳೋ ಸ್ಪೀಕರ್ ಕೇಬಲ್ ಬೇಡ, ಆದ್ರೆ ಚಾಕುವಲ್ಲಿ ಕೆರೆದು ನೋಡು. ಒಳಗೆ ಬೆಳ್ಳಗೆ ಕಂಡ್ರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವಾಪಸ್ ಕೊಡು.

ಈಗ ಬಾಕ್ಸ್. ಹೊಸದು ಮಾಡಿಸೋಕೆ ಮುಂಚೆ ಹಳೇದನ್ನ ಪರೀಕ್ಷೆ ಮಾಡು. ವೈರ್ ಬಿಚ್ಚಿ ಮೀಟರಲ್ಲಿ ಓಮ್ಸ್ ನೋಡು, 6 ಓಮ್ಸಿನ ಸ್ಪೀಕರ್ 5ರ ಆಸುಪಾಸು ತೋರಿಸ್ಬೇಕು. ಕೋನಿನ ಅಂಚಿನ ಸ್ಪಂಜನ್ನ ಬೆರಳಲ್ಲಿ ಮೆಲ್ಲಗೆ ಒತ್ತು, ಪುಡಿ ಉದುರಿದ್ರೆ ಅದರ ಆಯಸ್ಸು ಮುಗೀತು. ರಬ್ಬರ್ ಅಂಚಾದ್ರೆ ಇನ್ನೂ ಬಾಳಿಕೆ ಬರತ್ತೆ. 1.5 ವೋಲ್ಟಿನ ಸೆಲ್ಲನ್ನ ಪ್ಲಸ್ಸಿಗೆ ಪ್ಲಸ್ ಹಿಡಿದು ಒಂದು ಕ್ಷಣ ತಾಗಿಸು, ದೊಡ್ಡ ಕೋನ್ ಎರಡರಲ್ಲೂ ಮುಂದಕ್ಕೆ ಬರ್ಬೇಕು. ಒಂದು ಹಿಂದಕ್ಕೆ ಹೋದ್ರೆ ವೈರ್ ಅದಲು ಬದಲು ಆಗಿದೆ, ಅದಕ್ಕೇ ಬಾಸ್ ಇಲ್ಲದೆ ತೆಳ್ಳಗೆ ಕೇಳ್ಸೋದು. ಚಿಕ್ಕ ಟ್ವೀಟರ್ (ಕೀಚಲು ಸ್ವರದ ಸ್ಪೀಕರ್) ಮಂಕಾಗಿದ್ರೆ ಅದರ ಸಾಲಲ್ಲಿರೋ ಕೆಪಾಸಿಟರ್ ಒಣಗಿರ್ಬಹುದು. ಅದರ ಮೇಲೆ ಎಷ್ಟು ಮೈಕ್ರೋಫ್ಯಾರಡ್ ಅಂತಿದ್ಯೋ ಅಷ್ಟೇ ಮೈಕ್ರೋಫ್ಯಾರಡ್ಡಿನ, 100 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಹಾಕು. ಇಷ್ಟೆಲ್ಲ ಸರಿಯಿದ್ರೆ ಹಳೆ ಬಾಕ್ಸೇ ಇರ್ಲಿ. ಹಳೆ ಸ್ಪೀಕರ್ ತೆಗೆದು ಹೊಸ ಬಾಕ್ಸಿಗೆ ಹಾಕೋದ್ರಲ್ಲಿ ಲಾಭ ಇಲ್ಲ, ಅದರ ಅಂಕಿ ಅಂಶ ನಿನ್ನ ಕೈಲಿರಲ್ಲ, ಬಾಕ್ಸ್ ಎಷ್ಟು ದೊಡ್ಡದಿರ್ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಹೊಸ ಸ್ಪೀಕರ್ ತಗೊಂಡ್ರೆ ಮಾತ್ರ ಬಡಗಿ ಹತ್ರ ಹೋಗು. ಡೇಟಾಶೀಟಲ್ಲಿ ಮೂರು ಸಂಖ್ಯೆ ನೋಡ್ಬೇಕು, ಎಫ್‌ಎಸ್ (ಸ್ಪೀಕರ್ ತಾನಾಗಿ ಅದುರೋ ಹರ್ಟ್ಸ್), ಕ್ಯೂಟಿಎಸ್ (ಆ ಅದುರಾಟ ಎಷ್ಟು ಹಿಡಿತದಲ್ಲಿದೆ ಅನ್ನೋ ಅಂಕಿ), ವಿಎಎಸ್ (ಕೋನಿನಷ್ಟೇ ಪುಟಿಯೋ ಗಾಳಿ ಎಷ್ಟು ಲೀಟರ್ ಅಂತ). ಮುಚ್ಚಿದ ಬಾಕ್ಸಿಗೆ 0.707ನ್ನ ಕ್ಯೂಟಿಎಸ್‌ನಿಂದ ಭಾಗಿಸಿ, ಬಂದದ್ದನ್ನ ಅದರಿಂದಲೇ ಗುಣಿಸಿ, 1 ಕಳೆ. ವಿಎಎಸ್‌ನ ಅದರಿಂದ ಭಾಗಿಸಿದ್ರೆ ಬಾಕ್ಸಿನ ಲೀಟರ್ ಸಿಗತ್ತೆ. ಉದಾಹರಣೆಗೆ ಕ್ಯೂಟಿಎಸ್ 0.4, ವಿಎಎಸ್ 15 ಲೀಟರ್ ಅಂದ್ಕೋ, ಹೆಚ್ಚುಕಡಿಮೆ 7 ಲೀಟರ್ ಬರತ್ತೆ. ಎಫ್‌ಎಸ್ 55 ಇದ್ರೆ ಬಾಸ್ 97 ಹರ್ಟ್ಸಿಂದ ಕೆಳಗೆ ಇಳಿಮುಖ. ಅದು ಸಾಲದು ಅನ್ನಿಸಿದ್ರೆ ಬಾಕ್ಸ್ ಹಿಗ್ಗಿಸಿ ಪ್ರಯೋಜನ ಇಲ್ಲ, ಬೇರೆ ಸ್ಪೀಕರೇ ಬೇಕು. ಕೊಳವೆ ಇರೋ ಬಾಕ್ಸು ಇನ್ನೂ ಕೆಳಗಿಳಿಯತ್ತೆ, ಆದ್ರೆ ಕೊಳವೆ ಉದ್ದ ತಪ್ಪಿದ್ರೆ ಒಂದೇ ಸ್ವರ ಊದ್ಕೊಂಡು ಕೂರತ್ತೆ. ಮೊದಲ ಸಲಕ್ಕೆ ಮುಚ್ಚಿದ್ದೇ ಮಾಡು.

ಏಳು ಲೀಟರಿಗೆ ಒಳ ಅಳತೆ ಅಗಲ 17, ಎತ್ತರ 22, ಆಳ 20 ಸೆಂ.ಮೀ. ಬಂದ ಏಳೂವರೆಯಲ್ಲಿ ಸ್ಪೀಕರಿನ ಹಿಂಭಾಗ ಅರ್ಧ ಲೀಟರ್ ತಿನ್ನತ್ತೆ. 18 ಮಿ.ಮೀ. ಪ್ಲೈವುಡ್ಡಿಗೆ ಒಂದು ಬಾಕ್ಸಿನ ಹಲಗೆ ಬರ್ಕೋ: ಮುಂದೆ ಹಿಂದೆ 20.6 × 25.6, ಮೇಲೆ ಕೆಳಗೆ 20.6 × 20, ಪಕ್ಕದ್ದು 22 × 20, ಎಲ್ಲ ಎರಡೆರಡು. ಎರಡು ಬಾಕ್ಸಿಗೂ ಸೇರಿ ಆರು ಚದರ ಅಡಿ, ಅತ್ತಿಗೆಯ ಅಡುಗೆಮನೆ ಕೆಲಸದಲ್ಲಿ ಉಳಿಯೋ ತುಂಡಲ್ಲೇ ಆಗೋಗತ್ತೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೂಡ ಆಗತ್ತೆ, ಆದ್ರೆ ನಿಮ್ಮ ಶಿವಮೊಗ್ಗದ ಮಳೆಗಾಲಕ್ಕೆ ಅಂಚು ಉಬ್ಬತ್ತೆ, ಅದಕ್ಕೆ ಅಂಚಿಗೆ ಪ್ರೈಮರ್ ಹೊಡೆಸ್ಬೇಕು. ಬಡಗಿಗೆ ಬಿಡಿಸಿ ಹೇಳು, ಮೊಳೆ ಮುಖ್ಯ ಅಲ್ಲ, ಫೆವಿಕಾಲ್ ಪೂರ್ತಿ ಉದ್ದಕ್ಕೂ ಇರ್ಬೇಕು, ಗಾಳಿ ನುಸುಳ್ಬಾರ್ದು. ಒಳ ಮೂಲೆಗೆ ಸಿಲಿಕೋನ್ ಎಳೆದ್ರೆ ಸ್ಪೀಕರ್ ಕೂರ್ಸೋಕೆ ಮುಂಚೆ ಎರಡು ದಿನ ತೆರೆದಿಡು, ಆ ಹುಳಿ ವಾಸನೆ ಇರೋ ಆವಿ ತಾಮ್ರ ತಿನ್ನತ್ತೆ. ಸ್ಪೀಕರಿನ ಕೆಳಗೆ ಕಿಟಕಿಗೆ ಅಂಟಿಸೋ ಫೋಮ್ ಟೇಪ್. ಒಳಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ ಒಂದು ನೂರು ಗ್ರಾಂ, ಸಡಿಲವಾಗಿ. ಮುಗಿದ ಮೇಲೆ ಕೋನನ್ನ ಮೆಲ್ಲಗೆ ಒತ್ತಿ ಬಿಡು, ತಕ್ಷಣ ಪುಟಿದ್ರೆ ಎಲ್ಲೋ ಗಾಳಿ ಸೋರ್ತಿದೆ, ನಿಧಾನಕ್ಕೆ ವಾಪಸ್ ಬಂದ್ರೆ ಬಾಕ್ಸ್ ಬಿಗಿಯಾಗಿದೆ.

ಆಂಪ್ ಬೋರ್ಡಿಗೂ ಒಂದು ಡಬ್ಬಿ ಮಾಡು, ಕೆಳಗೂ ಮೇಲೂ ತೂತಿರ್ಲಿ. ತೂತಿಗೆ ಸೊಳ್ಳೆ ಪರದೆ ಅಂಟಿಸು, ಬೆಚ್ಚಗಿದೆ ಅಂತ ಹಲ್ಲಿ ಒಳಗೆ ಹೋಗಿ ಎರಡು ಪಿನ್ ನಡುವೆ ಮಲಗತ್ತೆ.

ಸದ್ಯಕ್ಕೆ ಬಡಗಿಗೆ ಏನೂ ಹೇಳ್ಬೇಡ. ನಾಳೆ ಎರಡು ಸ್ಪೀಕರಿನ ಓಮ್ಸು, ಸಿಕ್ಕಿದ ಅಡಾಪ್ಟರಿನ ವೋಲ್ಟೇಜು ಮೀಟರಲ್ಲಿ ನೋಡು, ಬೋರ್ಡಿನ ಕೆಪಾಸಿಟರ್ ಮೇಲೆ ಬರ್ದಿರೋದು ಕಾಣೋ ಹಾಗೆ ಒಂದು ಫೋಟೋ ತೆಗಿ, ಇಲ್ಲೇ ಗ್ರೂಪಿಗೆ ಹಾಕು.