ಬೀಗ ಹಾಕಿದ್ದು ಎರಡೆರಡು ಸಲ ನೋಡುವವನು ಉದ್ಯಮಕ್ಕೆ ಇಳಿಯಬಹುದಾ?

ಅರೆಮನಸ್ಸಿಗ (ಪ್ರಶ್ನೆ):

ಒಂಬತ್ತು ವರ್ಷದಿಂದ ಒಂದೇ ಕಡೆ ನೌಕರಿ. ಈಚೆಗೆ ಒಂದೂವರೆ ವರ್ಷ ರಾತ್ರಿ ಹೊತ್ತು, ರಜಾ ದಿನ ಕೂತು ಸಣ್ಣ ಕ್ಲಿನಿಕ್‌ಗಳಿಗೆ ಅಂತ ಒಂದು ಸಾಫ್ಟ್‌ವೇರ್ ಮಾಡಿದೀನಿ. ಯಾವ ಔಷಧಿಯ ಅವಧಿ ಯಾವಾಗ ಮುಗಿಯುತ್ತೆ, ಯಾವುದು ಖಾಲಿಯಾಗ್ತಾ ಬಂತು ಅಂತ ಮೊದಲೇ ಎಚ್ಚರಿಸುತ್ತೆ. ಹನ್ನೊಂದು ಕ್ಲಿನಿಕ್‌ನವರು ದುಡ್ಡು ಕೊಟ್ಟು ತಗೊಂಡಿದಾರೆ.

ಈಗ ನೌಕರಿ ಬಿಟ್ಟು ಇದಕ್ಕೇ ಇಳಿಯೋಣ ಅಂದ್ರೆ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ನಕ್ಕುಬಿಟ್ಟರು. "ನಿನಗೆ ಆ ಸ್ವಭಾವ ಇಲ್ಲಪ್ಪ. ಉದ್ಯಮಿ ಅಂದ್ರೆ ಹಿಂದೆಮುಂದೆ ನೋಡದೆ ಧುಮುಕುವವನು" ಅಂದರು. ಅವರ ಮಾತು ಸುಳ್ಳೇನಲ್ಲ. ನಾನು ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಜಗ್ಗಿ ನೋಡುವ ಜಾತಿ. ಗೆದ್ದವರಲ್ಲಿ ನಿಜವಾಗಿ ಇರುವ ಗುಣ ಯಾವುದು? ಇಲ್ಲದವರು ಅದನ್ನು ಕಲಿಯಬಹುದಾ?

ನೇರಮಾತು:

ಛಲ. ಮಿಕ್ಕಿದ್ದೆಲ್ಲ ಆಮೇಲೆ. ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗೆ 5,127 ಮಾದರಿ ಮಾಡಿದರು. ಹೆನ್ರಿ ಫೋರ್ಡ್ 1903ರಲ್ಲಿ ಫೋರ್ಡ್ ಮೋಟಾರ್ ಕಂಪನಿ ಶುರು ಮಾಡುವ ಮುಂಚೆ ಎರಡು ಕಂಪನಿ ಕೈಬಿಟ್ಟು ಹೋಗಿದ್ದವು. ನಡುವೆ ನಿಂತಿದ್ರೆ ಇವತ್ತು ಅವರ ಹೆಸರು ಯಾರಿಗೆ ಗೊತ್ತಿರ್ತಿತ್ತು? ಲೆಕ್ಕ ಹಾಕ್ತಾ ಕೂತರೆ ಆಗಲ್ಲ, ಇಳಿದುಬಿಡಿ.

ರಟ್ಟಿನಪೆಟ್ಟಿಗೆ:

ನೇರಮಾತು ಅವರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಈ ಮಾತನ್ನು ನಂಬಿಕೊಂಡೇ ನಾನು ಒಂದು ಸಲ ಮುಳುಗಿದ್ದೀನಿ.

ನನ್ನದು ರಟ್ಟಿನ ಪೆಟ್ಟಿಗೆ ಮಾಡುವ ಘಟಕ. ಈಗ ನಡೆಯುತ್ತಿರುವುದು ಎರಡನೆಯದು. ಮೊದಲನೆಯದರಲ್ಲಿ ಮಾಲಿನ ಮುಕ್ಕಾಲು ಪಾಲು ಒಂದೇ ಪಾರ್ಟಿಗೆ ಹೋಗ್ತಿತ್ತು. ಮೂವತ್ತು ದಿನದ ಉದ್ರಿ ಅಂತ ಮಾತು. ಅದು ಅರವತ್ತಾಯ್ತು, ತೊಂಬತ್ತಾಯ್ತು, ಆಮೇಲೆ ದಿನ ಎಣಿಸುವುದನ್ನೇ ಬಿಟ್ಟೆ. ನಮ್ಮ ಲೆಕ್ಕ ಬರೆಯುವವರು ಪ್ರತಿ ಶನಿವಾರ ಬಾಕಿ ಪಟ್ಟಿ ತಂದು ಮೇಜಿನ ಮೇಲಿಡೋರು. ನಾನು ಅದನ್ನ ಬೋರಲು ಹಾಕಿ ಮೇಲೊಂದು ಸ್ಯಾಂಪಲ್ ಬಾಕ್ಸ್ ಇಡ್ತಿದ್ದೆ. ಐದು ತಿಂಗಳು! ಅದೇ ಐದು ತಿಂಗಳಲ್ಲಿ ಸಾಲ ಮಾಡಿ ಇನ್ನೊಂದು ಮೆಷಿನ್ ಬೇರೆ ತಂದೆ. "ಎಂಥಾ ಛಲ ಕಣ್ರೀ ನಿಮ್ಮದು" ಅಂತ ಬಂದವರೆಲ್ಲ ಹೊಗಳೋರು. ಒಳಗಿದ್ದದ್ದು ಬರೀ ಹೆದರಿಕೆ. ಪಟ್ಟಿ ಓದಿದರೆ ಏನಾದರೂ ಮಾಡಬೇಕಾಗುತ್ತೆ, ಓದದಿದ್ದರೆ ಇನ್ನೊಂದು ವಾರ ಉದ್ಯಮಿಯಾಗಿ ಓಡಾಡಬಹುದು. ಆ ಪಾರ್ಟಿ ಬಾಗಿಲು ಹಾಕಿದಾಗ ನಾನೂ ಹಾಕಿದೆ.

ಹಾಗಾಗಿ ಯಾರಾದರೂ ಉದ್ಯಮಿಯ ಗುಣ ಅಂದರೆ ನಾನು ಮೊದಲು ನೋಡುವುದು ಒಂದೇ: ಕೆಟ್ಟ ಸುದ್ದಿ ಈತನನ್ನು ಮುಟ್ಟೋಕೆ ಎಷ್ಟು ದಿನ ಬೇಕು? ಡೈಸನ್ ಕಥೆಯನ್ನೂ ಹಾಗೇ ಓದಿ. 5,127ನೆಯದು ಸರಿಹೋಯ್ತು, ಅಂದ್ರೆ 5,126 ಸಲ ಆ ಮನುಷ್ಯ ಕೂತು "ಇದು ಕೆಲಸ ಮಾಡ್ತಿಲ್ಲ" ಅಂತ ಒಪ್ಪಿಕೊಂಡಿದಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರಿಂದ ಏನಾಯ್ತು ಅಂತ ನೋಡಿ, ಮುಂದಿನದಕ್ಕೆ ಹೋಗೋದು ಅವರ ರೀತಿ. ಮೊದಲನೇ ಮಾದರಿಯನ್ನೇ ತಬ್ಬಿಕೊಂಡು ಐದು ವರ್ಷ ಕೂತಿದ್ರೂ ಜನ ಛಲ ಅಂತಲೇ ಅಂತಿದ್ರು. ಆ ವರ್ಷಗಳಲ್ಲಿ ಅವರ ಹೆಂಡತಿ ಚಿತ್ರಕಲೆ ಕಲಿಸಿ ಸಂಬಳ ತರ್ತಿದ್ದರು. ಅದನ್ನು ಮಾತ್ರ ಯಾರೂ ಹೇಳಲ್ಲ.

ಧುಮುಕುವ ವಿಷಯ. ಸ್ಟೀವ್ ವೋಜ್ನಿಯಾಕ್ 1976ರ ಏಪ್ರಿಲ್‌ನಲ್ಲಿ ತಾವೂ ಸೇರಿ ಕಟ್ಟಿದ ಆಪಲ್ ಕಂಪನಿ ಶುರುವಾದ ಮೇಲೂ ಹ್ಯೂಲೆಟ್ ಪ್ಯಾಕರ್ಡ್ ನೌಕರಿ ಬಿಟ್ಟಿರಲಿಲ್ಲ, ಬಿಟ್ಟದ್ದು ಮರುವರ್ಷ. ನೈಕಿಯ ಫಿಲ್ ನೈಟ್ 1964ರಲ್ಲಿ ಶೂ ಮಾರಾಟ ಶುರು ಮಾಡಿ 1969ರವರೆಗೂ ಲೆಕ್ಕಪತ್ರದ ಕೆಲಸ, ಪಾಠ ಮಾಡೋದು ಅಂತ ಸಂಬಳದ ಮೇಲೇ ಇದ್ದರು. ಸರಸ್ ಸರಸ್ವತಿ ಅಂತ ಒಬ್ಬ ಸಂಶೋಧಕಿ ಪಳಗಿದ 27 ಉದ್ಯಮಿಗಳನ್ನು ಕೂರಿಸಿ, ಒಂದು ಕಾಲ್ಪನಿಕ ಸರಕನ್ನು ಕೊಟ್ಟು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಿ ಅಂದರು. ಎಷ್ಟು ಲಾಭ ಬರಬಹುದು ಅಂತ ಅವರು ದೊಡ್ಡ ಲೆಕ್ಕ ಹಾಕಲಿಲ್ಲವಂತೆ. ಎಷ್ಟು ಹೋದರೆ ತಡ್ಕೋತೀನಿ ಅನ್ನೋ ಕಡೆಯಿಂದಲೇ ಹೊರಟವರು ಹೆಚ್ಚು. ನೀವು ಬೀಗ ಜಗ್ಗಿ ನೋಡೋದು ಇಲ್ಲಿ ಉಪಯೋಗಕ್ಕೆ ಬರುತ್ತೆ.

ಕಲಿಯಬಹುದಾ ಅಂತ ಕೇಳಿದ್ರಿ. ನನ್ನ ಸ್ವಭಾವ ಬದಲಾಗಿಲ್ಲ. ಈಗಲೂ ಕೆಟ್ಟ ಸುದ್ದಿ ಅಂದ್ರೆ ಹೊಟ್ಟೆ ಹಿಂಡುತ್ತೆ. ಅಭ್ಯಾಸ ಬದಲಾಯಿಸಿಕೊಂಡೆ ಅಷ್ಟೆ. ಸೋಮವಾರ ಮೆಷಿನ್ ಚಾಲೂ ಆಗುವ ಮುಂಚೆ ಬಾಕಿ ಪಟ್ಟಿಯನ್ನು ಲೆಕ್ಕದವರು ಜೋರಾಗಿ ಓದಬೇಕು, ನಾನು ಕೇಳಬೇಕು. ಯಾವ ಪಾರ್ಟಿಯೂ ವಹಿವಾಟಿನ ಕಾಲುಭಾಗ ದಾಟಬಾರದು.

ಹೋದ ವರ್ಷ ಒಬ್ಬರ ಗೋದಾಮಿನಲ್ಲಿ ನಮ್ಮ ಬಾಕ್ಸ್‌ಗಳು ಅಟ್ಟಿಯ ಕೆಳಸಾಲಲ್ಲಿ ಕುಸಿದವು. "ನಿಮ್ಮ ಗೋದಾಮಿನ ತೇವ" ಅನ್ನೋ ಮಾತು ನಾಲಿಗೆ ತುದಿಗೇ ಬಂದಿತ್ತು. ಹೋಗಿ ಒಂದು ಬಾಕ್ಸ್ ತಗೊಂಡು ಮೇಲಿನ ಕಾಗದವನ್ನು ಉಗುರಿನಿಂದ ಎಬ್ಬಿಸಿದೆ. ಅಂಟು ಸರಿಯಾಗಿ ಹಿಡಿದಿದ್ದರೆ ಕಾಗದ ಹರಿದು ನಾರುನಾರಾಗಿ ಬರಬೇಕು. ಇದು ಕ್ಯಾಲೆಂಡರಿನ ಹಾಳೆ ಎತ್ತಿದ ಹಾಗೆ ನಯವಾಗಿ ಎದ್ದುಬಂತು. ಪಾಳಿ ಶುರುವಿನಲ್ಲಿ ಗಂಜಿ ಅಂಟು ತೆಳ್ಳಗಾಗಿತ್ತು, ತಪ್ಪು ನಮ್ಮದೇ. ಅಲ್ಲೇ ಹೇಳಿ, ಅದೇ ಪಾಳಿಯ ಇನ್ನೊಂದು ಲೋಡನ್ನೂ ವಾಪಸ್ ತರಿಸಿದೆ. ಅವರು ಇವತ್ತಿಗೂ ನಮ್ಮ ಗಿರಾಕಿ. ಬೈದದ್ದು ಮಾತ್ರ ಸರಿಯಾಗೇ ಬೈದರು.

ಎಣಿಕೆಯವಳು:

ರಟ್ಟಿನಪೆಟ್ಟಿಗೆಯವರ ಮಾತು ಹಿಡಿಸಿತು, ಆದರೂ ಒಂದು ತಕರಾರು. ಎರಡನೇ ಮಹಾಯುದ್ಧದಲ್ಲಿ ವಾಪಸ್ ಬಂದ ವಿಮಾನಗಳ ಗುಂಡಿನ ತೂತು ನೋಡಿ, ತೂತು ಹೆಚ್ಚಿರುವ ಕಡೆ ಕವಚ ಹಾಕೋಣ ಅಂದವರಿಗೆ ಅಬ್ರಹಾಂ ವಾಲ್ಡ್ ಅನ್ನೋ ಗಣಿತಜ್ಞ ಅಡ್ಡ ಬಂದರಂತಲ್ಲ, ಬೇರೆ ಕಡೆ ಪೆಟ್ಟು ತಿಂದವು ವಾಪಸ್ಸೇ ಬಂದಿಲ್ಲ ಅಂತ. ಉದ್ಯಮಿಗಳ ಗುಣದ ಚರ್ಚೆಯೂ ವಾಪಸ್ ಬಂದ ವಿಮಾನದ್ದೇ. ಮಾದರಿ ಮೇಲೆ ಮಾದರಿ ಮಾಡಿ ಏನೂ ಆಗದವರನ್ನು ಯಾರು ಸಂದರ್ಶನ ಮಾಡ್ತಾರೆ? ಗೆದ್ದರೆ ಛಲ ಅಂತೀವಿ, ಸೋತರೆ ಹಠ ಅಂತೀವಿ. ಮೂಲದಲ್ಲಿ ಎರಡೂ ಒಂದೇ ಇರಬಹುದು.

ಸಂಬಳ ತರುವ ಹೆಂಡತಿ, ಇರೋಕೊಂದು ಮನೆ, ಮೈ ಚೆನ್ನಾಗಿರೋದು, ಇವು ಯಾರ ಗುಣವೂ ಅಲ್ಲ, ಆದರೆ ಎರಡನೇ ಸಲ ಪ್ರಯತ್ನ ಮಾಡೋಕೆ ಬಿಡೋದು ಇವೇ. ಅರೆಮನಸ್ಸಿಗರೇ, ಸ್ವಭಾವ ಆಮೇಲೆ ನೋಡೋಣ. ಸಂಬಳವಿಲ್ಲದೆ ಎಷ್ಟು ತಿಂಗಳು ನಡೆಯುತ್ತೆ? ಆ ಹನ್ನೊಂದರಲ್ಲಿ ನಿಮ್ಮ ಪರಿಚಯದವರು ಎಷ್ಟು ಜನ?

ರಟ್ಟಿನಪೆಟ್ಟಿಗೆ:

ಒಪ್ಪಿದೆ. ನನಗೆ ಎರಡನೇ ಸಲ ಕೈ ಹಿಡಿದದ್ದು ಅಕ್ಕನ ಉಳಿತಾಯ. ಅದನ್ನು ಮೇಲೆ ಬರೆಯಲಿಲ್ಲ ನೋಡಿ, ನಾನೂ ಪಟ್ಟಿ ಬೋರಲು ಹಾಕಿದೆ.

ಅರೆಮನಸ್ಸಿಗ:

ಏಳು ತಿಂಗಳು ನಡೆಯುತ್ತೆ. ಪರಿಚಯದವರು ಐದು ಜನ. ಇದನ್ನು ಟೈಪ್ ಮಾಡೋಕೇ ಸ್ವಲ್ಪ ಹೊತ್ತು ಹಿಡೀತು.

ನಿನ್ನೆ ರಾತ್ರಿ ಕೂತು ಹನ್ನೊಂದರಲ್ಲಿ ಯಾರು ಕೊನೆಗೆ ಯಾವಾಗ ಲಾಗಿನ್ ಆಗಿದಾರೆ ಅಂತ ತೆಗೆದೆ. ನಾಲ್ಕು ಜನ ಆರು ವಾರದಿಂದ ತೆರೆದೇ ಇಲ್ಲ. ಇದು ನನ್ನ ಕಂಪ್ಯೂಟರಿನಲ್ಲೇ ಇತ್ತು, ಯಾವತ್ತೂ ನೋಡಿರಲಿಲ್ಲ. ಬೆಳಿಗ್ಗೆ ಒಬ್ಬರಿಗೆ ಫೋನ್ ಮಾಡಿದೆ. ಸಂಕೋಚದಿಂದಲೇ ಹೇಳಿದರು: ಔಷಧಿ ಕೊಡುವಾಗ ಒಂದು ಕೈಯಲ್ಲಿ ಡಬ್ಬಿ ಇರುತ್ತೆ, ನಿಮ್ಮದರಲ್ಲಿ ನಮೂದಿಸೋಕೆ ಎರಡು ಕೈ ಬೇಕು, ಎದುರಿಗೆ ರೋಗಿ ಕಾಯ್ತಿರ್ತಾರೆ, ಅದಕ್ಕೇ ಮತ್ತೆ ನೋಟ್‌ಬುಕ್‌ಗೇ ಹೋದ್ವಿ ಅಂತ.

ನೌಕರಿ ಸದ್ಯಕ್ಕೆ ಬಿಡ್ತಿಲ್ಲ. ಶನಿವಾರ ಅವರ ಕ್ಲಿನಿಕ್ಕಿನ ಮೂಲೆಯಲ್ಲಿ ಅರ್ಧ ದಿನ ಕೂತು ನೋಡ್ತೀನಿ ಅಂತ ಕೇಳಿಕೊಂಡಿದೀನಿ. ಉಳಿದ ಮೂವರಿಗೆ ಇನ್ನೂ ಫೋನ್ ಮಾಡಬೇಕು. ಅವರಲ್ಲಿ ಇಬ್ಬರು ಆ ಪರಿಚಯದ ಐದರೊಳಗಿನವರು.