ಫೈಬ್ರೋಸಿಸ್‌ಗೆ ‘ನಾರುಗಟ್ಟುವುದು’ ಅನ್ನಬಹುದೇ?

ಗೆಳೆಯರೇ,

ಕೋವಿಡ್ ನ್ಯುಮೋನಿಯಾದಿಂದ ಎದ್ದವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಲಂಗ್ ಫೈಬ್ರೋಸಿಸ್’ ಎಂಬಲ್ಲಿಗೆ ಬಂದು ನಿಂತಿದ್ದೇನೆ.

2020–21ರಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಬದುಕಿದ ಕೆಲವರಿಗೆ ಆಮೇಲೂ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಲ್ಲಲಿಲ್ಲ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಆಕ್ಸಿಜನ್ ರಕ್ತಕ್ಕೆ ದಾಟುವುದು ಅವುಗಳ ತೀರಾ ತೆಳುವಾದ ಗೋಡೆಯ ಮೂಲಕ. ಸೋಂಕಿನ ಗಾಯ ಮಾಯುವಾಗ ಅಲ್ಲಿ ಕೊಲ್ಲಾಜನ್ ಎಂಬ ಪ್ರೋಟೀನಿನ ನಾರು ಬೇಕಾದ್ದಕ್ಕಿಂತ ಜಾಸ್ತಿ ಬೆಳೆದರೆ ಗೋಡೆ ದಪ್ಪಗಾಗುತ್ತದೆ, ಬಿರುಸಾಗುತ್ತದೆ. ಇದೇ ಫೈಬ್ರೋಸಿಸ್. ಎಷ್ಟು ಎಳೆದರೂ ಉಸಿರು ಪೂರ್ತಿ ಒಳಗೆ ಹೋಗುವುದಿಲ್ಲ. ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟರೆ ಉಸಿರೆಳೆಯುವಾಗ ಚರಚರ ಕೇಳುತ್ತದೆ. ಚಪ್ಪಲಿ, ಚೀಲಗಳ ವೆಲ್ಕ್ರೋ ಅಂಟುಪಟ್ಟಿ ಬಿಡಿಸಿದಂತಿರುವುದರಿಂದ ಡಾಕ್ಟರುಗಳು ಅದನ್ನು ವೆಲ್ಕ್ರೋ ಸದ್ದು ಅನ್ನುತ್ತಾರೆ.

ಇದಕ್ಕೆ ‘ಶ್ವಾಸಕೋಶಕ್ಕೆ ಶಾಶ್ವತ ಹಾನಿ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಮಬ್ಬುಗಾಜಿನಂತೆ ಕಾಣುವ ಮಚ್ಚೆಗಳಲ್ಲಿ ಬಹುಪಾಲು ಉರಿಯೂತದವು, ತಿಂಗಳುಗಳು ಕಳೆದಂತೆ ಕರಗುತ್ತವೆ. ಕರಗದೆ ಉಳಿಯುವುದು ನಾರು. ಎರಡನ್ನೂ ‘ಹಾನಿ’ ಅಂದುಬಿಟ್ಟರೆ ವಾಸಿಯಾಗುವವರೂ ಕೈಚೆಲ್ಲುತ್ತಾರೆ. ನಡಿಗೆ, ಉಸಿರಾಟದ ವ್ಯಾಯಾಮ ಎಲ್ಲ ಬಿಟ್ಟು ಸುಮ್ನೆ ಕೂರುತ್ತಾರೆ.

‘ಕಲೆ’ ಅಂದರೆ ಜನಕ್ಕೆ ಚರ್ಮದ ಮೇಲಿನ ಗುರುತು. ಅದು ಉಸಿರಿಗೆ ಅಡ್ಡಿಯಾಗುತ್ತದೆ ಎಂದು ಹೊಳೆಯುವುದಿಲ್ಲ. ‘ತಂತೂಕರಣ’ ರೋಗಿಗೆ ಫೈಬ್ರೋಸಿಸ್‌ನಷ್ಟೇ ದೂರ. ‘ಜಡ್ಡುಗಟ್ಟು’ ಹತ್ತಿರ ಬರುತ್ತದೆ, ಆದರೆ ಜಡ್ಡು ಅಂದರೆ ಕಾಯಿಲೆ ಎಂದೂ ಅರ್ಥವಿದೆ.

ನನ್ನ ಒಲವು ‘ನಾರುಗಟ್ಟು’ ಕಡೆಗೆ. ಬಲಿತ ಬೆಂಡೆಕಾಯಿ ನಾರಾಗಿದೆ ಅಂತೀವಿ. ಅದು ಮತ್ತೆ ಎಳೆಯದಾಗುವುದಿಲ್ಲ ಅನ್ನುವುದೂ ಆ ಮಾತಿನಲ್ಲೇ ಇದೆ. ನಾರು ಅಂದರೆ ಕೆಟ್ಟ ವಾಸನೆ ಬೀರು ಎಂದೂ ಆಗುತ್ತದೆ, ನಿಜ. ಆದರೆ ‘ಗಟ್ಟು’ ಸೇರಿದ ಮೇಲೆ ಆ ಗೊಂದಲ ಬರುವುದಿಲ್ಲ ಅಲ್ವಾ?

ಇನ್ನೊಂದು. ಈ ರೋಗಿಗಳ ಕಷ್ಟಕ್ಕೆ ‘ಉಬ್ಬಸ’ ಎಂದು ಬರೆಯಬೇಡಿ ಎಂಬುದು ನನ್ನ ಕೋರಿಕೆ. ಉಬ್ಬಸದಲ್ಲಿ ಗಾಳಿಕೊಳವೆ ಕಿರಿದಾಗುತ್ತದೆ, ಅದನ್ನು ಹಿಗ್ಗಿಸುವ ಇನ್‌ಹೇಲರ್ ಇದೆ. ನಾರುಗಟ್ಟಿದ್ದಕ್ಕೆ ಅದು ಮದ್ದಲ್ಲ. ಕೈಪಿಡಿ ಓದಿದವರು ಮನೆಯಲ್ಲಿ ಯಾರದೋ ಆಸ್ತಮಾ ಇನ್‌ಹೇಲರ್ ಸೇದುತ್ತಾ ದಿನ ದೂಡಬಾರದು. ಹಾಗಾಗಿ ‘ಏದುಸಿರು’ ಎಂದೇ ಬರೆದಿದ್ದೇನೆ.

‘ದಮ್ಮು’ ಬಳಸಲು ಮಾತ್ರ ಧೈರ್ಯ ಸಾಲದು. ನಿಮ್ಮ ಕಡೆ ದಮ್ಮು ಅಂದರೆ ಆಸ್ತಮಾನೋ, ನಡೆದಾಗ ಬರುವ ಏದುಸಿರೋ? ಕಲಬುರಗಿ, ಬೀದರ್ ಕಡೆಯವರು ಮನೆಮಾತಿನ ಒಂದೆರಡು ವಾಕ್ಯ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.