ಅಪ್‌ಡೇಟ್: 6 ಲೀಟರ್ ನೀರು ಹೊರೋಕೆ ಯಾವ ಬ್ಯಾಗ್?

ಕ್ಯಾಲಿಫೋರ್ನಿಯಾದ ಪಿಸಿಟಿ (ಪೆಸಿಫಿಕ್ ಕ್ರೆಸ್ಟ್ ಟ್ರೇಲ್) ಅನ್ನೋ ದೂರದ ಚಾರಣ ಹಾದಿಯಲ್ಲಿ ಸಿಸರ್ಸ್ ಕ್ರಾಸಿಂಗ್‌ನಿಂದ ಬ್ಯಾರೆಲ್ ಸ್ಪ್ರಿಂಗ್‌ವರೆಗೆ, ಸುಮಾರು 24 ಮೈಲಿ, ಬರೀ ಒಣ ಬೆಟ್ಟ. ಅಲ್ಲಿಗೆ 6 ಲೀಟರ್ ನೀರು ಹೊರೋಕೆ ಹಗುರವಾದ ಬ್ಯಾಗ್ ಯಾವುದು ಅಂತ ಕೇಳಿದ್ದೆ ಅಲ್ವಾ? ನಡೆದು ಬಂದೆ!

ಫ್ರೇಮ್ ಇಲ್ಲದ ಬ್ಯಾಗಿನೊಳಗೆ ಆಧಾರಕ್ಕೆ ಮಲಗೋ ಫೋಮ್ ಮ್ಯಾಟ್ ಮಡಚಿಡಿ ಅನ್ನೋ ಸಲಹೆ ನನಗೆ ಆಗಿಬರಲಿಲ್ಲ. ಮನೆ ಹತ್ತಿರ ನೀರು ತುಂಬಿ ನೋಡಿದಾಗಲೇ ಬ್ಯಾಗ್ ಕುಸಿದು, ಭಾರವೆಲ್ಲ ಹೆಗಲಿಗೆ ಬಿತ್ತು. ಅಲ್ಯೂಮಿನಿಯಂ ಫ್ರೇಮ್, ದಪ್ಪ ಸೊಂಟದ ಬೆಲ್ಟ್ ಇರೋದನ್ನೇ ತಗೊಳ್ಳಿ ಅಂದವರಿಗೆ ಥ್ಯಾಂಕ್ಸ್. ಖಾಲಿ ಬ್ಯಾಗ್ ಅರ್ಧ ಕೆಜಿ ಜಾಸ್ತಿ, ಆದರೆ ಹೆಗಲು ಉಳಿಯಿತು. ನೀರಿನ ಚೀಲವನ್ನು ಬೆನ್ನಿಗೆ ತಾಗಿಸಿ, ಬೆನ್ನಿನ ಮಧ್ಯಕ್ಕೆ ಬರೋ ಹಾಗೆ ಇಟ್ಟರೆ ಹಿಂದಕ್ಕೆ ಎಳೆಯೋದಿಲ್ಲ.

ಒಂದು ಗೊತ್ತಿರಲಿಲ್ಲ: ಬಿಸಿಲಿಗೆ ನೀರಿನ ಚೀಲದಿಂದ ಕುಡಿಯೋ ಪೈಪಿನ ಮೊದಲ ಗುಟುಕು ಕಾಫಿಗೆ ಇಟ್ಟ ನೀರೇ! ಅದನ್ನು ಉಗುಳಬೇಡಿ, ಟೋಪಿ ಮೇಲೆ ಸುರಿದುಕೊಳ್ಳಿ.